ಲೀಸ್‌ಗೆ ಕಾರು: ಪೆಟ್ರೋಲ್ ಎಸ್‌ಯುವಿಯಿಂದ ಹಸಿರು ನಂಬರ್ ಪ್ಲೇಟಿನವರೆಗೆ

ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರು ಕೊನೆಗೂ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿದೆ. 2025ರ ಗೌರಿ ಹಬ್ಬದ ಹೊತ್ತಿಗೆ ಹೊರಟ ಹುಡುಕಾಟ ಕಾರ್ತಿಕ ಮಾಸ ಕಳೆಯುವಾಗ ಮುಗಿಯಿತು. ಈ ನಡುವೆ ಒಂದೇ ಪ್ರಶ್ನೆಗೆ ಷೋರೂಮಿನಲ್ಲಿ ಒಂದು ಉತ್ತರ, ಲೀಸ್ ಕಂಪನಿಯಲ್ಲಿ ಇನ್ನೊಂದು, ನಮ್ಮ ಆಫೀಸಿನ ವೇತನ ವಿಭಾಗದಲ್ಲಿ ಮತ್ತೊಂದು ಸಿಗುತ್ತಿತ್ತು. ಸಂಬಳದ ಮೂಲಕ ಲೀಸ್‌ಗೆ, ಎಂದರೆ ಕೆಲವು ವರ್ಷಗಳ ಬಾಡಿಗೆಗೆ, ಕಾರು ತರಲು ಹೊರಟವರು ಈ ಮೂರು ಬಾಗಿಲುಗಳ ನಡುವೆ ನನ್ನಂತೆ ಅಲೆಯಬಾರದು. ಅದಕ್ಕಾಗಿ, ಎಲ್ಲವೂ ಇನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು, ಗಂಡ, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ: ಇದು ನಮ್ಮ ಮನೆ. ವಾಸ ಕನಕಪುರ ರಸ್ತೆಯಲ್ಲಿ, ಆಫೀಸು ಹೊರವರ್ತುಲ ರಸ್ತೆಯಲ್ಲಿ, ನನ್ನ ತವರು ತೀರ್ಥಹಳ್ಳಿಯಲ್ಲಿ. ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದೆ ಮೂವರು ಕುಳಿತರೆ ಅತ್ತೆ ಕಾಲು ಮಡಚಿಕೊಂಡೇ ಶಿವಮೊಗ್ಗದವರೆಗೆ ಬರಬೇಕಿತ್ತು. ದೊಡ್ಡ ಕಾರು ಬೇಕೆನ್ನುವುದರಲ್ಲಿ ಎರಡು ಮಾತಿರಲಿಲ್ಲ. ಸಾಲ ಮಾಡಿ ಕೊಳ್ಳುವುದೇ, ಲೀಸ್‌ಗೆ ತೆಗೆದುಕೊಳ್ಳುವುದೇ ಎಂಬುದಷ್ಟೇ ಪ್ರಶ್ನೆ. ವಿದ್ಯುತ್ ವಾಹನದ ಸಾಲದ ಬಡ್ಡಿಗೆ ಹಿಂದೆ ಒಂದೂವರೆ ಲಕ್ಷ ರೂಪಾಯಿಯವರೆಗೆ ತೆರಿಗೆ ವಿನಾಯಿತಿ ಇತ್ತು. ಆದರೆ ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಈಗ ಸಾಲ ಮಾಡುವವರಿಗೆ ಆ ಆಸರೆ ಇಲ್ಲ.

ಕಂಪನಿಯ ಮೂಲಕ ಪಡೆಯುವ ಲೀಸ್‌ನಲ್ಲಿ ಉದ್ಯೋಗದಾತರು ಲೀಸ್ ಕಂಪನಿಯಿಂದ ಕಾರನ್ನು ಬಾಡಿಗೆಗೆ ಪಡೆದು ನಮಗೆ ಕೊಡುತ್ತಾರೆ. ಬಾಡಿಗೆಯನ್ನು ನಮ್ಮ ಸಂಬಳದ ವಿಶೇಷ ಭತ್ಯೆಯಿಂದ, ತೆರಿಗೆ ಲೆಕ್ಕ ಹಾಕುವುದಕ್ಕೆ ಮೊದಲೇ, ಮುರಿದುಕೊಳ್ಳುತ್ತಾರೆ. ಕಾರನ್ನು ಆಫೀಸಿನ ಕೆಲಸಕ್ಕೂ ಮನೆಗೂ ಬಳಸುವುದರಿಂದ ಆ ಸೌಲಭ್ಯಕ್ಕೆ ಒಂದು ಬೆಲೆ ಕಟ್ಟಿ ನಮ್ಮ ಆದಾಯಕ್ಕೆ ಸೇರಿಸುತ್ತಾರೆ. 2025-26ರ ಹಣಕಾಸು ವರ್ಷದ ನಿಯಮದಂತೆ, ಓಡಿಸುವ ಖರ್ಚನ್ನೂ ಕಂಪನಿಯೇ ಭರಿಸುವುದಾದರೆ, 1.6 ಲೀಟರ್‌ವರೆಗಿನ ಎಂಜಿನ್ನಿಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,400 ರೂಪಾಯಿ, ಚಾಲಕನನ್ನೂ ಕೊಟ್ಟರೆ ಮೇಲೆ 900 ಇತ್ತು. ನಲವತ್ತೈದು ಸಾವಿರ ಬಾಡಿಗೆ ಹೋಗುವ ಕಡೆ ಆ ವರ್ಷ ತೆರಿಗೆಗೆ ಸೇರುತ್ತಿದ್ದದ್ದು 1,800 ಮಾತ್ರ. ಉಳಿತಾಯವೆಲ್ಲ ಇರುವುದು ಈ ಅಂತರದಲ್ಲಿ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇದು ಸಿಗುತ್ತದೆ. ವಿದ್ಯುತ್ ಕಾರಿಗೆ ಎಂಜಿನ್ನೇ ಇಲ್ಲವಲ್ಲ, ಯಾವ ಲೆಕ್ಕ ಎಂದು ನಾನು ಕೇಳಿದೆ. ನಮ್ಮ ವೇತನ ವಿಭಾಗ 1,800ರ ಲೆಕ್ಕವನ್ನೇ ಹಿಡಿಯಿತು. ನಿಮ್ಮಲ್ಲಿ ಹೇಗೆ ಎಂಬುದನ್ನು ಮಿಂಚಂಚೆಯಲ್ಲಿ ಕೇಳಿ ಉತ್ತರವನ್ನು ಇಟ್ಟುಕೊಳ್ಳಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನೀವು ಸಹಿ ಹಾಕುವ ವರ್ಷದ ಲೆಕ್ಕವನ್ನೇ ಹಾಕಿಸಿ.

ನಾನು ಷೋರೂಮುಗಳಿಗೆ ಹೋದದ್ದು ಆಗಸ್ಟ್ ಕೊನೆಯಲ್ಲಿ. ಅದೇ ಆಗಸ್ಟ್ 15ರಂದು ಕೆಂಪುಕೋಟೆಯ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಬದಲಾವಣೆಯ ಮಾತೆತ್ತಿದ್ದರು. ಹಾಗಾಗಿ ಪೆಟ್ರೋಲ್ ಕಾರಿನ ನಿಜವಾದ ಬೆಲೆಯನ್ನು ಹೇಳುವವರು ಯಾರೂ ಇರಲಿಲ್ಲ. “ಈಗ ಬುಕ್ ಮಾಡಿ ಮೇಡಂ, ಬೆಲೆ ಇಳಿದರೆ ಕಮ್ಮಿ ಮಾಡಿಕೊಡುತ್ತೇವೆ” ಎನ್ನುತ್ತಿದ್ದರು, ಬರೆದುಕೊಡಿ ಎಂದರೆ ಸುಮ್ಮನಾಗುತ್ತಿದ್ದರು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ನಿರ್ಧಾರ ಮಾಡಿತು, 22ರಿಂದ ಹೊಸ ದರ ಬಂತು. ನಾಲ್ಕು ಮೀಟರ್ ಉದ್ದದೊಳಗಿನ, ಎಂಜಿನ್ ಗಾತ್ರ ಪೆಟ್ರೋಲ್ ಆದರೆ 1,200 ಸಿಸಿ (1.2 ಲೀಟರ್), ಡೀಸೆಲ್ ಆದರೆ 1,500 ಸಿಸಿ ಮೀರದ ಕಾರುಗಳಿಗೆ ಶೇ. 18. ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40, ಮೇಲೆ ಸೆಸ್ (ಹೆಚ್ಚುವರಿ ತೆರಿಗೆ) ಇಲ್ಲ. ವಿದ್ಯುತ್ ಕಾರಿಗೆ ಮೊದಲಿನಂತೆ ಶೇ. 5.

ಈ ಬದಲಾವಣೆ ನಮ್ಮ ಪಟ್ಟಿಯನ್ನೇ ತಿರುವುಮುರುವು ಮಾಡಿತು. ಮಾರುತಿ ಬ್ರೆಜಾ ನಾಲ್ಕು ಮೀಟರ್ ಒಳಗಿದ್ದರೂ ಅದರ ಪೆಟ್ರೋಲ್ ಎಂಜಿನ್ 1,462 ಸಿಸಿ, ಆದ್ದರಿಂದ ಶೇ. 40ರ ಸಾಲಿಗೇ ಸೇರುತ್ತದೆ. ಟಾಟಾದ ಪೆಟ್ರೋಲ್ ನೆಕ್ಸಾನ್ ಶೇ. 18ಕ್ಕೆ ಇಳಿಯಿತು. ಹೊರಗಿನಿಂದ ಒಂದೇ ಅಳತೆಯಂತೆ ಕಾಣುವ ಎರಡು ಕಾರುಗಳ ನಡುವೆ ತೆರಿಗೆಯಲ್ಲಿ ಇಷ್ಟು ಅಂತರವಿರುತ್ತದೆಂದು ತಿಳಿದದ್ದು ಸಿಸಿ ನೋಡಿದ ಮೇಲೆಯೇ.

ಲೀಸ್‌ನಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ತಿಂಗಳ ಬಾಡಿಗೆಯ ಮೇಲೂ ಆಯಾ ಕಾರಿನ ಮಾರಾಟಕ್ಕೆ ಅನ್ವಯಿಸುವ ಜಿಎಸ್‌ಟಿ ದರವೇ ಬೀಳುತ್ತದೆ. ಎಂದರೆ 1.5 ಲೀಟರ್ ಪೆಟ್ರೋಲ್ ಎಸ್‌ಯುವಿಯ ಬಾಡಿಗೆಗೆ ಶೇ. 40, ವಿದ್ಯುತ್ ಕಾರಿನ ಬಾಡಿಗೆಗೆ ಶೇ. 5. ಕೊಟೇಶನ್‌ನಲ್ಲಿ ದಪ್ಪ ಅಕ್ಷರದಲ್ಲಿರುವುದು ಬಹುಪಾಲು ಜಿಎಸ್‌ಟಿ ಸೇರದ ಮೊತ್ತ. ಕೆಳಗೆ ಸಣ್ಣ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಎಂದಿರುತ್ತದೆ. ದಯವಿಟ್ಟು ಆ ಸಾಲನ್ನು ಹುಡುಕಿ ಓದಿ.

ಇನ್ನು ರಸ್ತೆ ತೆರಿಗೆ. ಕರ್ನಾಟಕದ ದರ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ. 17, ಆ ತೆರಿಗೆಯ ಮೇಲೆ ಶೇ. 11 ಸೆಸ್. ಹದಿನೈದು ಲಕ್ಷದ ಕಾರೆಂದರೆ ಎರಡು ಲಕ್ಷ 83 ಸಾವಿರ ರೂಪಾಯಿ ರಸ್ತೆ ತೆರಿಗೆಗೇ ಹೋಗುತ್ತದೆ. ವಿದ್ಯುತ್ ಕಾರುಗಳಿಗೆ 2024ರಲ್ಲಿ 25 ಲಕ್ಷ ಮೀರಿದವುಗಳ ಮೇಲೆ ಶೇ. 10 ಹಾಕಿದರು. ನಾನು ನೋಂದಣಿ ಮಾಡಿಸಿದಾಗ ಅದಕ್ಕಿಂತ ಕೆಳಗಿನವಕ್ಕೆ ವಿನಾಯಿತಿ ಇತ್ತು. ನೀವು ಹೋಗುವಾಗ ದರ ಎಷ್ಟಿದೆ ಎಂದು ಮೊದಲೇ ವಿಚಾರಿಸಿ. ಅದೊಂದೇ ಅಂಕಿ ಇಡೀ ಹೋಲಿಕೆಯನ್ನು ತಲೆಕೆಳಗು ಮಾಡಬಲ್ಲದು.

ಕಾರುಗಳನ್ನು ಓಡಿಸಿ ನೋಡಿದ ದಿನಗಳು ಈ ಇಡೀ ವ್ಯವಹಾರದಲ್ಲಿ ನನಗೆ ಖುಷಿ ಕೊಟ್ಟವು. ಕ್ರೆಟಾ ಪೆಟ್ರೋಲ್, ಟೊಯೋಟಾ ಹೈರೈಡರ್ ಹೈಬ್ರಿಡ್, ನೆಕ್ಸಾನ್ ಇವಿ, ಕ್ರೆಟಾ ಎಲೆಕ್ಟ್ರಿಕ್, ಎಂಜಿ ವಿಂಡ್ಸರ್ ನಮ್ಮ ಪಟ್ಟಿಯಲ್ಲಿದ್ದವು. ಹೈರೈಡರ್ ನಮ್ಮ ಬಿಡದಿಯಲ್ಲೇ ತಯಾರಾಗುವ ಕಾರು. ಸಿಗ್ನಲ್‌ಗಳ ನಡುವೆ ಎಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ತೆವಳುವ ಅದರ ಗುಣ ಬನಶಂಕರಿ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದಂತಿತ್ತು. ಮನೆಯಲ್ಲಿ ಚಾರ್ಜಿಂಗ್‌ಗೆ ಅವಕಾಶವೇ ಇಲ್ಲದವರು ಕಣ್ಣುಮುಚ್ಚಿ ಹೈಬ್ರಿಡ್ ಕಡೆಗೆ ನೋಡಬಹುದು ಎನ್ನುವುದು ನನ್ನ ಅಭಿಪ್ರಾಯ. ನೆಕ್ಸಾನ್ ಇವಿ ನಾಲ್ಕು ಮೀಟರ್ ಒಳಗಿನದು. ಬೇಸ್‌ಮೆಂಟಿನ ತಿರುವಿನಲ್ಲಿ ಅದರಷ್ಟು ಸಲೀಸಾಗಿ ತಿರುಗಿದ್ದು ಬೇರೊಂದಿಲ್ಲ. ಕ್ರೆಟಾ ಎಲೆಕ್ಟ್ರಿಕ್ ಓಡಿಸಲು ನನಗೆ ಬಹಳ ಹಿಡಿಸಿತು. ಆದರೆ 51.4 ಯೂನಿಟ್ ಬ್ಯಾಟರಿಯ ಮಾದರಿ ನಮ್ಮ ಆಫೀಸಿನ ಲೀಸ್ ಮಿತಿಯನ್ನು ದಾಟುತ್ತಿತ್ತು. ಇಂತಹ ಮಿತಿ ಸಾಮಾನ್ಯವಾಗಿ ಕಂಪನಿಗಳಲ್ಲಿ ಇರುತ್ತದೆ, ಕೆಲವೆಡೆ ಸಂಬಳದ ಶೇಕಡಾವಾರು, ಕೆಲವೆಡೆ ಹುದ್ದೆಯ ಪ್ರಕಾರ. ಷೋರೂಮಿಗೆ ಕಾಲಿಡುವ ಮೊದಲೇ ಅದನ್ನು ತಿಳಿದುಕೊಂಡರೆ ಆಸೆ ಬೆಳೆಸಿಕೊಂಡು ಹಿಂದೆ ಸರಿಯುವ ನೋವು ಇರುವುದಿಲ್ಲ.

ಅತ್ತೆಯನ್ನು ಪ್ರತಿ ಬಾರಿಯೂ ಕರೆದುಕೊಂಡೇ ಹೋದೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಸೀಟು ಸೊಂಟದ ಮಟ್ಟಕ್ಕಿದೆಯೇ, ಕಾಲೆತ್ತಿ ಒಳಗಿಡಲು ಹೊಸ್ತಿಲು ಅಡ್ಡ ಬರುತ್ತದೆಯೇ ಎಂಬುದು ಕ್ಯಾಟಲಾಗಿನಲ್ಲಿ ಇರುವುದಿಲ್ಲ. ವಿಂಡ್ಸರ್‌ನ ಹಿಂದಿನ ಸೀಟು 135 ಡಿಗ್ರಿಯವರೆಗೆ ಒರಗುತ್ತದೆ. ಅದರಲ್ಲಿ ಕುಳಿತ ಅತ್ತೆ ಕಾಲು ನೀಡಿ, “ಇದರಲ್ಲಾದರೆ ನಿನ್ನ ತವರಿಗೆ ನಾನೂ ಬರುತ್ತೇನೆ ಕಣೇ” ಎಂದರು. ನನ್ನ ಮನಸ್ಸು ಅರ್ಧ ಅಲ್ಲಿಯೇ ತೀರ್ಮಾನವಾಯಿತು. ದೊಡ್ಡ ಬ್ಯಾಟರಿಯ ಮಾದರಿಯಲ್ಲಿ 52.9 ಯೂನಿಟ್, ಕಂಪನಿ ಹೇಳುವ ದೂರ 449 ಕಿಲೋಮೀಟರ್. ಪರೀಕ್ಷಾ ದೂರ ರಸ್ತೆಯಲ್ಲಿ ಸಿಗುವುದಿಲ್ಲ. ಎಸಿ, ಐದು ಜನ, ಸಾಮಾನು ಎಲ್ಲ ಸೇರಿ ಮುನ್ನೂರ ಇಪ್ಪತ್ತು, ಮುನ್ನೂರ ಐವತ್ತು ಎಂದು ಹಿಡಿದರೆ ಮೋಸವಿಲ್ಲ. ಸ್ಟೆಪ್ನಿ ಇದೆಯೇ ಎಂದೂ ಕೇಳಿ. ಕೆಲವು ವಿದ್ಯುತ್ ಕಾರುಗಳ ಕೆಲವು ಮಾದರಿಗಳಲ್ಲಿ ಪಂಕ್ಚರ್ ಕಿಟ್ ಮಾತ್ರ ಇರುತ್ತದೆ, ಮಲೆನಾಡಿನ ರಸ್ತೆಗೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕಟ್ಟಿ ಕಾರನ್ನು ಕಡಿಮೆ ಬೆಲೆಗೆ ಪಡೆಯುವ ಯೋಜನೆಯನ್ನೂ ಮುಂದಿಟ್ಟರು. ನಮ್ಮ ಲೀಸ್ ಕಂಪನಿ ಅದನ್ನು ಒಪ್ಪಲಿಲ್ಲ, ಕಾರು ಬ್ಯಾಟರಿ ಎರಡೂ ಒಂದೇ ಇನ್‌ವಾಯ್ಸಿನಲ್ಲಿ ಬೇಕೆಂದಿತು.

ಆದರೂ ಬುಕ್ ಮಾಡಲಿಲ್ಲ. ಪ್ಲಗ್ ಪಾಯಿಂಟ್ ಸಿಗುವವರೆಗೆ ಮುಂಗಡ ಕೊಡಬಾರದೆಂದು ಗಂಡ ಹಟ ಹಿಡಿದರು. ಅವರ ಮಾತು ಸರಿಯಾಗಿತ್ತು. ಈ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಕಾಯಿಸಿದ್ದು ಬ್ಯಾಂಕೂ ಅಲ್ಲ, ಷೋರೂಮೂ ಅಲ್ಲ, ನಮ್ಮದೇ ಅಪಾರ್ಟ್‌ಮೆಂಟಿನ ಸಂಘ. ಬೆಂಕಿಯ ಭಯ, ಕೇಬಲ್ ಎಳೆಯುವ ದಾರಿ, ಸಾಮಾನ್ಯ ಮೀಟರಿನಿಂದ ವಿದ್ಯುತ್ ಕದಿಯುತ್ತಾರೇನೋ ಎಂಬ ಅನುಮಾನ, ಎಲ್ಲವೂ ಸಭೆಯಲ್ಲಿ ಬಂದವು. ಭಯ ಪಡುವವರನ್ನು ನಾನು ತಪ್ಪು ಎನ್ನುವುದಿಲ್ಲ. ಅವರಿಗೆ ಬೇಕಿದ್ದದ್ದು ಭರವಸೆ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ ನಕ್ಷೆ ಮಾಡಿಸಿದೆ: ನಮ್ಮ ಫ್ಲ್ಯಾಟಿನ ಮೀಟರಿನಿಂದಲೇ ಪ್ರತ್ಯೇಕ ತಾಮ್ರದ ಕೇಬಲ್, ಎಂಸಿಬಿ, ಆರ್‌ಸಿಸಿಬಿ (ಲೋಡ್ ಮೀರಿದರೆ, ಕರೆಂಟು ಸೋರಿದರೆ ತಾವೇ ಆಫ್ ಆಗುವ ಸ್ವಿಚ್ಚುಗಳು), ಸರಿಯಾದ ಅರ್ಥಿಂಗ್, ಪಾರ್ಕಿಂಗ್ ಕಂಬದ ಮೇಲೆ ಬೀಗ ಹಾಕುವ ಪೆಟ್ಟಿಗೆ, ಅದರೊಳಗೊಂದು ಸಬ್ ಮೀಟರ್. ಈ ಹಾಳೆಯನ್ನು ಮುಂದಿಟ್ಟ ಮೇಲೆ ಮಾತು ಹಗುರವಾಯಿತು, ನಿರಾಕ್ಷೇಪಣಾ ಪತ್ರ ಸಿಕ್ಕಿತು. ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಖರ್ಚು, ಬಹುಪಾಲು ಕೇಬಲ್ಲಿನ ಉದ್ದಕ್ಕೆ. ಇದು ಲೀಸ್‌ನಲ್ಲಿ ಸೇರುವುದಿಲ್ಲ, ಕೈಯಿಂದ ಹಾಕಬೇಕು.

ಚಾರ್ಜರ್ ಬಗ್ಗೆಯೂ ಒಂದು ಮಾತು. ಗೋಡೆಗೆ ಹಾಕುವ 7.4 ಕಿಲೋವ್ಯಾಟ್ ಚಾರ್ಜರೇ ಬೇಕೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಫ್ಲ್ಯಾಟಿನ ಮಂಜೂರಾದ ಲೋಡ್ 5 ಕಿಲೋವ್ಯಾಟ್. ದೊಡ್ಡ ಚಾರ್ಜರ್ ಹಾಕಬೇಕಾದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು, ಹಣ ಕಟ್ಟಬೇಕು, ಪ್ರತಿ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಸಾಮಾನ್ಯ 16 ಆಂಪಿಯರ್ ಪ್ಲಗ್‌ಗೆ ಹಾಕುವ 3.3 ಕಿಲೋವ್ಯಾಟ್ ಚಾರ್ಜರ್ ರಾತ್ರಿ ಒಂಬತ್ತು ಗಂಟೆಯಲ್ಲಿ ಇಪ್ಪತ್ತೇಳು ಯೂನಿಟ್‌ನಷ್ಟು ತುಂಬುತ್ತದೆ. ಊರೊಳಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಓಡಿಸುವ ಮನೆಗೆ ಇದು ಧಾರಾಳ. ನಾವು ಅಷ್ಟಕ್ಕೇ ನಿಂತೆವು.

ಪ್ಲಗ್ ಕೆಲಸ ಮುಗಿಯುವ ಹೊತ್ತಿಗೆ ದಸರಾ ಕಳೆದಿತ್ತು. ಕೊಟೇಶನ್‌ಗಳನ್ನು ಎದುರಿಗಿಟ್ಟುಕೊಂಡು ಕುಳಿತೆವು. ನಾಲ್ಕು ವರ್ಷದ ಅವಧಿಗೆ, ವಿಮೆ, ಸರ್ವಿಸ್, ಜಿಎಸ್‌ಟಿ ಸೇರಿಸಿ, ವಿದ್ಯುತ್ ಕಾರಿಗೆ ತಿಂಗಳಿಗೆ 45 ಸಾವಿರದ ಸುತ್ತ, ನಮಗೆ ಬೇಕಿದ್ದ ಮಾದರಿಯ ಪೆಟ್ರೋಲ್ ಎಸ್‌ಯುವಿಗೆ 50 ಸಾವಿರದ ಸುತ್ತ ಬಂದಿತ್ತು. ಶೇ. 30ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ ಶೇ. 31.2 ತೆರಿಗೆ. 45 ಸಾವಿರದಲ್ಲಿ ಆ ವರ್ಷದ 1,800 ಕಳೆದು ಲೆಕ್ಕ ಹಾಕಿದರೆ ಹದಿಮೂರು ಸಾವಿರದ ಐನೂರಿನಷ್ಟು ತೆರಿಗೆ ಉಳಿಯುತ್ತದೆ, ಕೈಬಿಟ್ಟು ಹೋಗುವುದು ಮೂವತ್ತೊಂದೂವರೆ ಸಾವಿರ. ಇದರ ಮೇಲೆ ಓಡಿಸುವ ಖರ್ಚು. ತಿಂಗಳಿಗೆ ಸಾವಿರ ಕಿಲೋಮೀಟರ್ ಎಂದರೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ ಹನ್ನೆರಡು ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ ಆಗಿನ 103ರ ದರದಲ್ಲಿ, ಎಂಟೂವರೆ ಸಾವಿರ. ಮನೆಯಲ್ಲೇ ಚಾರ್ಜ್ ಮಾಡುವ ವಿದ್ಯುತ್ ಕಾರಿಗೆ, ಯೂನಿಟ್‌ಗೆ ಆರೇಳು ರೂಪಾಯಿಯಂತೆ, ಸಾವಿರದಿನ್ನೂರು. ಆದರೆ ಹೊರಗಿನ ಫಾಸ್ಟ್ ಚಾರ್ಜರಿನಲ್ಲೇ ಎಲ್ಲ ಚಾರ್ಜಿಂಗ್ ಮಾಡಿದರೆ ಯೂನಿಟ್‌ಗೆ ಇಪ್ಪತ್ತರ ಮೇಲೆ ಬೀಳುತ್ತದೆ, ಈ ಅಂತರದಲ್ಲಿ ಬಹಳಷ್ಟು ಕರಗಿಹೋಗುತ್ತದೆ. ನಾನು ಪ್ಲಗ್ ಪಾಯಿಂಟ್ ಮೊದಲು ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕಾಗಿ.

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಕರಾರಿನ ಒಂದು ಪುಟ ನಮ್ಮ ನಿದ್ದೆ ಕೆಡಿಸಿತು: ನಡುವೆ ಕೆಲಸ ಹೋದರೆ ಏನು? ನಮ್ಮ ಕರಾರಿನಂತೆ ಹೊಸ ಉದ್ಯೋಗದಾತರು ಅದೇ ಲೀಸ್ ಕಂಪನಿಯೊಂದಿಗೆ ಒಪ್ಪಂದ ಹೊಂದಿದ್ದರೆ ಲೀಸ್ ವರ್ಗಾಯಿಸಬಹುದು. ಇಲ್ಲವಾದರೆ ಬಾಕಿ ಮೊತ್ತ, ಮುಂಚಿತ ಮುಕ್ತಾಯದ ಶುಲ್ಕ, ಅದರ ಮೇಲೆ ಜಿಎಸ್‌ಟಿ ಕಟ್ಟಿ ಕಾರನ್ನು ನಾವೇ ಕೊಳ್ಳಬೇಕು. ಮೊದಲ ವರ್ಷದೊಳಗಾದರೆ ಶುಲ್ಕ ಇನ್ನೂ ಹೆಚ್ಚು. ಸುತ್ತಮುತ್ತ ಜನ ಕೆಲಸ ಕಳೆದುಕೊಳ್ಳುತ್ತಿರುವುದನ್ನು ನೋಡುತ್ತಿರುವ ಕಾಲದಲ್ಲಿ ಈ ಪುಟವನ್ನು ಹಗುರವಾಗಿ ತಿರುವಿಹಾಕಲು ನನ್ನಿಂದಾಗಲಿಲ್ಲ. ಪ್ರತಿ ವರ್ಷದ ಕೊನೆಗೆ ಮುಚ್ಚಿದರೆ ಎಷ್ಟು ಕಟ್ಟಬೇಕಾಗುತ್ತದೆ ಎಂಬ ಪಟ್ಟಿಯನ್ನು ಕೇಳಿ ತರಿಸಿಕೊಂಡೆ, ಮೊದಲ ವರ್ಷದ ಮೊತ್ತವನ್ನು ಮುಟ್ಟದ ಠೇವಣಿಯಾಗಿ ಎತ್ತಿಟ್ಟ ಮೇಲೆಯೇ ಸಹಿ ಹಾಕಿದೆ. ಅಷ್ಟು ಎತ್ತಿಡಲು ಆಗದಿದ್ದರೆ ಇನ್ನೂ ಚಿಕ್ಕ ಕಾರು ನೋಡಿ ಎಂದು ನಾನು ತಂಗಿಗೂ ಹೇಳಿದ್ದೇನೆ. ಗೃಹಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇರುವವರಿಗೂ ಒಂದು ಎಚ್ಚರಿಕೆ: ಲೀಸ್ ಬಾಡಿಗೆ ಕಡಿತವಾದ ಮೇಲಿನ ಸಂಬಳವೇ ಸಂಬಳದ ಚೀಟಿಯಲ್ಲಿ ಕಾಣುವುದರಿಂದ ಬ್ಯಾಂಕು ಕೊಡುವ ಸಾಲದ ಮೊತ್ತ ಇಳಿಯಬಹುದು. ಸಾಲ ಮೊದಲು ಮಂಜೂರಾಗಲಿ.

ದಾಖಲೆಗಳು ಕಷ್ಟವೇನಲ್ಲ: ಪ್ಯಾನ್, ಆಧಾರ್, ಚಾಲನಾ ಪರವಾನಗಿ, ಮೂರು ತಿಂಗಳ ಸಂಬಳದ ಚೀಟಿ, ಫಾರ್ಮ್ 16, ಷೋರೂಮಿನ ಪ್ರೊಫಾರ್ಮಾ ಇನ್‌ವಾಯ್ಸ್ (ಖರೀದಿಗೆ ಮೊದಲು ಕೊಡುವ ಬೆಲೆಪಟ್ಟಿ). ತಡವಾಗುವುದು ಸಹಿಗಳಲ್ಲಿ. ಉದ್ಯೋಗದಾತರ ಪರವಾಗಿ ಸಹಿ ಹಾಕುವ ಅಧಿಕಾರಿ ರಜೆಯಲ್ಲಿದ್ದರು. ಅವರು ಬರುವವರೆಗೆ ಲೀಸ್ ಕಂಪನಿ ಖರೀದಿ ಆದೇಶ ಹೊರಡಿಸಲಿಲ್ಲ, ಆದೇಶವಿಲ್ಲದೆ ಷೋರೂಮಿನವರು ಕಾರನ್ನು ನಮ್ಮ ಹೆಸರಿಗೆ ಹಿಡಿದಿಡಲಿಲ್ಲ. ನಾವು ಆರಿಸಿದ ಬಣ್ಣ ಬೇರೆಯವರಿಗೆ ಹೋಯಿತು. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆ ಸಹಿ ಯಾರದ್ದು, ಅವರು ಊರಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲರೂ ಮರೆಯುವ ಮಾತೆಂದರೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಮಾಲೀಕರ ಹೆಸರು ಲೀಸ್ ಕಂಪನಿಯದು. ಇದರಿಂದ ಮೂರು ತೊಡಕು ಎದುರಾದವು. ಹಳೆಯ ಕಾರಿನ ವಿಮೆಯಲ್ಲಿ ನಾನು ವರ್ಷಗಳಿಂದ ಕೂಡಿಸಿದ್ದ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗಾಗಿ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ಹೊಸ ಕಾರಿಗೆ ಸಿಗಲಿಲ್ಲ, ಏಕೆಂದರೆ ಆ ಬೋನಸ್ ವ್ಯಕ್ತಿಗೆ ಸೇರಿದ್ದು, ಹೊಸ ಪಾಲಿಸಿ ಕಂಪನಿಯ ಹೆಸರಿನಲ್ಲಿದೆ. ಹಳೆಯ ಕಾರು ಮಾರಿದಾಗ ವಿಮಾ ಕಂಪನಿಯಿಂದ ಪ್ರಮಾಣಪತ್ರ ತೆಗೆದಿಟ್ಟುಕೊಂಡೆ. ಮೂರು ವರ್ಷದೊಳಗೆ ನನ್ನ ಹೆಸರಿಗೆ ಇನ್ನೊಂದು ಕಾರು ಕೊಂಡರೆ ಉಪಯೋಗಕ್ಕೆ ಬರುತ್ತದೆ. ಫಾಸ್ಟ್ಯಾಗ್‌ಗೆ ನನ್ನ ಗುರುತಿನ ಪತ್ರ ಸಾಲದೆ ಲೀಸ್ ಕಂಪನಿಯ ಪತ್ರವನ್ನೂ ಕೇಳಿದರು. ಇವೆರಡಕ್ಕಿಂತ ದೊಡ್ಡದು ಬ್ಯಾಟರಿ ಖಾತರಿ. ಈಗ ಹಲವು ವಿದ್ಯುತ್ ಕಾರುಗಳಿಗೆ ‘ಜೀವಿತಾವಧಿ ಬ್ಯಾಟರಿ ವಾರಂಟಿ’ ಎಂಬ ಜಾಹೀರಾತು ಇದೆ, ಆದರೆ ಅದು ಮೊದಲ ಮಾಲೀಕರಿಗೆ ಸಂಬಂಧಿಸಿದ್ದು. ಲೀಸ್‌ನಲ್ಲಿ ಮೊದಲ ಮಾಲೀಕರು ಒಂದು ಕಂಪನಿ. ನಾಲ್ಕು ವರ್ಷದ ಮೇಲೆ ನಾನು ಕೊಂಡರೆ ನಾನು ಎರಡನೆಯವಳು. ಆಗ ಖಾತರಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ಎಂಬುದನ್ನು ಬರಹದಲ್ಲಿ ಕೊಡಿ ಎಂದು ಪಟ್ಟುಹಿಡಿದೆ. ಮೌಖಿಕ ಭರವಸೆ ಕೊಟ್ಟ ಮಾರಾಟ ಪ್ರತಿನಿಧಿ ಬರಹದ ಮಾತೆತ್ತಿದಾಗ ಹಿರಿಯರ ಬಳಿ ಕಳಿಸಿದರು. ಪತ್ರ ಬಂದಾಗ ಅದರಲ್ಲಿದ್ದದ್ದು ಜೀವಿತಾವಧಿಯಲ್ಲ, ಎಂಟು ವರ್ಷ. ಅದೂ ನನಗೆ ಒಪ್ಪಿಗೆಯೇ, ಆದರೆ ತಿಳಿದು ಒಪ್ಪುವುದು ಬೇರೆ.

ಅವಧಿ ಮುಗಿದ ಮೇಲೆ ಕಾರನ್ನು ಎಷ್ಟಕ್ಕೆ ಕೊಳ್ಳಬಹುದು ಎಂಬ ಶೇಷಮೌಲ್ಯವೂ ಕರಾರಿನಲ್ಲೇ ಅಂಕಿಯಾಗಿ ಇರಬೇಕು. ‘ಅಂದಿನ ಮಾರುಕಟ್ಟೆ ಬೆಲೆ’ ಎಂದಷ್ಟೇ ಬರೆದಿದ್ದರೆ ತಿದ್ದಿಸಿ. ಹಳೆಯ ವಿದ್ಯುತ್ ಕಾರಿನ ಬೆಲೆ ನಾಲ್ಕು ವರ್ಷದಲ್ಲಿ ಎಲ್ಲಿರುತ್ತದೆಂದು ಇಂದು ಯಾರೂ ಹೇಳಲಾರರು. ಬೇಡವೆನಿಸಿದರೆ ಹಿಂದಿರುಗಿಸುವ ಅವಕಾಶ ಇರುವುದೇ ನನ್ನ ಮಟ್ಟಿಗೆ ವಿದ್ಯುತ್ ಕಾರನ್ನು ಲೀಸ್‌ಗೆ ಪಡೆಯಲು ದೊಡ್ಡ ಕಾರಣ. ಹಿಂದಿರುಗಿಸುವವರು ವರ್ಷಕ್ಕೆ ಎಷ್ಟು ಕಿಲೋಮೀಟರ್ ಮಿತಿ ಇದೆ ಎಂಬುದನ್ನೂ ನೋಡಿಕೊಳ್ಳಿ.

ನವೆಂಬರ್ ನಡುವೆ ಕಾರು ಕೈಗೆ ಬಂತು. ಹಸಿರು ಪ್ಲೇಟು, ಬಿಳಿ ಅಕ್ಷರ. ಅದೇ ವಾರಾಂತ್ಯ ತೀರ್ಥಹಳ್ಳಿಗೆ ಹೊರಟೆವು. ಬೆಳಗಿನ ಐದಕ್ಕೆ ನೂರಕ್ಕೆ ನೂರು ಚಾರ್ಜ್‌ನೊಂದಿಗೆ ಹೊರಟು, ತುಮಕೂರು, ತಿಪಟೂರು, ಅರಸೀಕೆರೆ ದಾಟಿ, ಶಿವಮೊಗ್ಗದಲ್ಲಿ ತಿಂಡಿಗೆ ನಿಂತಾಗ ಫಾಸ್ಟ್ ಚಾರ್ಜರಿಗೆ ಹಾಕಿದೆವು. ಮೊದಲ ಚಾರ್ಜರ್ ಕೆಟ್ಟಿತ್ತು, ಊರ ಇನ್ನೊಂದು ಬದಿಯದು ಕೆಲಸ ಮಾಡಿತು. ದೂರದ ಪ್ರಯಾಣದಲ್ಲಿ ಯಾವಾಗಲೂ ಎರಡನೆಯ ಚಾರ್ಜರಿನವರೆಗೆ ಹೋಗುವಷ್ಟು ಬ್ಯಾಟರಿ ಉಳಿಸಿಕೊಳ್ಳಬೇಕು, ಎರಡು ಮೂರು ಕಂಪನಿಗಳ ಆ್ಯಪ್‌ಗಳಲ್ಲಿ ಸ್ವಲ್ಪ ಹಣ ತುಂಬಿಟ್ಟಿರಬೇಕು. ತವರಿನ ಅಂಗಳದಲ್ಲಿ ಪಂಪ್‌ಸೆಟ್ ಪಕ್ಕದ ಪ್ಲಗ್‌ಗೆ ಅರ್ಥಿಂಗ್ ಸರಿಯಿರಲಿಲ್ಲ, ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಟ್ಟಿತು. ಊರಿನ ಎಲೆಕ್ಟ್ರಿಷಿಯನ್ ಬಂದು ಹೊಸ ಅರ್ಥಿಂಗ್ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಸರಿಮಾಡಿದ ಮೇಲೆ ರಾತ್ರಿಯಿಡೀ ಚಾರ್ಜ್ ಆಯಿತು.

ಕಾರು ಬಂದ ಮೇಲೂ ಕಾಗದದ ಕೆಲಸ ಉಳಿದಿದೆ. ಚಾರ್ಜಿಂಗ್ ಖರ್ಚನ್ನು ಕಂಪನಿಯಿಂದ ಪಡೆಯಲು ಬಿಲ್ಲು ಬೇಕು. ಸಂಘ ಕೊಟ್ಟ ಕೈಬರಹದ ರಸೀದಿಯನ್ನು ಲೆಕ್ಕಪತ್ರ ವಿಭಾಗ ಒಪ್ಪಲಿಲ್ಲ. ಸಬ್ ಮೀಟರಿನ ತಿಂಗಳ ಆರಂಭದ ಮತ್ತು ಕೊನೆಯ ಅಂಕಿಯ ಫೋಟೊ, ಬೆಸ್ಕಾಂ ಬಿಲ್ಲಿನ ಪ್ರತಿ, ಸಂಘದ ಮುದ್ರೆಯ ಪತ್ರ, ಈ ಮೂರನ್ನೂ ಸೇರಿಸಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಪ್ರತಿ ತಿಂಗಳ ಒಂದನೆಯ ತಾರೀಕು ಮೀಟರಿನ ಫೋಟೊ ತೆಗೆಯುವ ಕೆಲಸವನ್ನು ಮಗನಿಗೆ ವಹಿಸಿದ್ದೇನೆ.